ಅಗಲ ಕಾಲಿನಿಂದ ಬಿಗಿ ಕಾಲಿಗೆ: ಒಂದು ಹದಿಹರೆಯದ ಜೀನ್ಸ್ ಕಥೆ

2000ದಿಂದ 2009ರವರೆಗಿನ ಹತ್ತು ವರ್ಷಗಳನ್ನು ಒಂದೇ ಬಟ್ಟೆಯ ಮೂಲಕ ಹೇಳು ಎಂದರೆ ನಾನು ಹಿಂದೆಮುಂದೆ ನೋಡದೆ ಜೀನ್ಸ್ ಎನ್ನುತ್ತೇನೆ. ದಶಕ ಶುರುವಾದಾಗ ಅದು ನೆಲ ಗುಡಿಸುವಷ್ಟು ಅಗಲವಾಗಿತ್ತು, ಸೊಂಟ ಬಿಟ್ಟು ಕೆಳಗಿಳಿದಿತ್ತು. ದಶಕ ಮುಗಿಯುವಾಗ ಹಿಮ್ಮಡಿ ತೂರಿಸಲು ಕುಳಿತು ಎಳೆದಾಡಬೇಕಾದಷ್ಟು ಬಿಗಿಯಾಗಿತ್ತು. ಈ ಎರಡರ ನಡುವೆ ನನ್ನ ಹದಿಹರೆಯ ಪೂರ್ತಿ ಕಳೆಯಿತು. ಕ್ಲಿಪ್ಪು, ಟೋಪಿ, ಕೈಪಟ್ಟಿ, ಚಪ್ಪಲಿ ಎಲ್ಲವೂ ಬದಲಾದವು, ನಿಜ. ಆದರೆ ನಾವು ನಡೆಯುವ ರೀತಿ, ಕೂರುವ ರೀತಿ, ಕನ್ನಡಿ ಮುಂದೆ ನಿಂತಾಗ ಮೊದಲು ಕಣ್ಣು ಹೋಗುವ ಜಾಗ, ಇವನ್ನೆಲ್ಲ ಬದಲಿಸಿದ್ದು ಪ್ಯಾಂಟು.

ಲೋ ವೇಸ್ಟ್‌ನಿಂದಲೇ ಶುರು ಮಾಡುತ್ತೇನೆ. ಅದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮಾಮೂಲಿ ಜೀನ್ಸ್‌ನಲ್ಲಿ ಎರಡು ಕಾಲು ಸೇರುವ ಹೊಲಿಗೆಯಿಂದ ಸೊಂಟದ ಪಟ್ಟಿಯವರೆಗೆ ಮುಂಭಾಗದಲ್ಲಿ ಹತ್ತು ಇಂಚಿನ ಆಸುಪಾಸು ಬಟ್ಟೆ ಇರುತ್ತದೆ. ಲೋ ವೇಸ್ಟ್ ಬಂದಾಗ ಅದು ಏಳೆಂಟು ಇಂಚಿಗೆ ಇಳಿಯಿತು. ಝಿಪ್ ಎಷ್ಟು ಗಿಡ್ಡವಾಯಿತೆಂದರೆ ಅದನ್ನು ಹಾಕಿದ್ದೇಕೆ ಎನ್ನಿಸುತ್ತಿತ್ತು. ಕೇಳಲು ಎರಡು ಮೂರು ಇಂಚಿನ ಮಾತು. ಆದರೆ ಪಟ್ಟಿ ಮೊದಲು ಕೂರುತ್ತಿದ್ದುದು ಮೈಯ ಸಣ್ಣ ಭಾಗದಲ್ಲಿ. ಈಗ ಅದು ಕೆಳಗಿಳಿದು ಮೆತ್ತಗಿರುವ ಜಾಗವನ್ನು ಒತ್ತತೊಡಗಿತು. ಅಲ್ಲಿ ಒತ್ತಿದರೆ ಎಂಥವರಿಗೂ ಮೇಲೊಂದು ಮಡಿಕೆ ಬೀಳುತ್ತದೆ, ಸಣಕಲು ಮೈಯವರಿಗೂ. ಆ ಮಡಿಕೆ ಹುಟ್ಟಿದ್ದು ಕಟಿಂಗ್‌ನಿಂದ ಎಂದು ನಮಗೆ ಯಾರೂ ಹೇಳಲಿಲ್ಲ. ನಮ್ಮ ಮೈಯಲ್ಲೇ ಏನೋ ಹೆಚ್ಚಿದೆ ಎಂದುಕೊಂಡು ಹದಿನಾಲ್ಕು ಹದಿನೈದರ ಹುಡುಗಿಯರು ಉಸಿರು ಬಿಗಿಹಿಡಿದು ನಿಂತೆವು. ಕುಳಿತಾಗ ಒಂದು ಕೈ ಸದಾ ಬೆನ್ನ ಹಿಂದೆ, ಟಾಪ್ ಕೆಳಗೆಳೆಯಲು. ಬಗ್ಗಿ ಏನಾದರೂ ಎತ್ತಿಕೊಳ್ಳಬೇಕಾದರೆ ಮೊಣಕಾಲೂರಿ ಇಳಿಯುವುದು. ಒಳಗೊಂದು ಉದ್ದ ಬನಿಯನ್, ಅದರ ಮೇಲೆ ಗಿಡ್ಡ ಟಾಪ್. ಆ ಕಾಲದ ಫೋಟೊಗಳಲ್ಲಿ ಎದ್ದು ಕಾಣುವ ಈ ಪದರದ ಮೇಲೆ ಪದರ ಎಷ್ಟೋ ಸಲ ಮೈ ಮುಚ್ಚಿಕೊಳ್ಳುವ ಉಪಾಯವಾಗಿಯೇ ಶುರುವಾದದ್ದು.

ಈ ಪ್ಯಾಂಟು ಬಂದ ದಾರಿಯನ್ನು ನೋಡಿದರೆ ನಮ್ಮ ಪಾಡು ಇನ್ನಷ್ಟು ಅರ್ಥವಾಗುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಲಂಡನ್ನಿನ ವಿನ್ಯಾಸಕ ಅಲೆಕ್ಸಾಂಡರ್ ಮೆಕ್‌ಕ್ವೀನ್ ‘ಬಮ್‌ಸ್ಟರ್’ ಎಂಬ ಪ್ಯಾಂಟನ್ನು ರ‍್ಯಾಂಪ್ ಮೇಲೆ ತಂದರು. ಬೆನ್ನು ಉದ್ದವಾಗಿ ಕಾಣಬೇಕು, ಬೆನ್ನುಮೂಳೆಯ ಬುಡ ಕಣ್ಣಿಗೆ ಬೀಳಬೇಕು ಎಂಬುದು ಅವರ ಉದ್ದೇಶ. ಅದು ವೇದಿಕೆಯ ಮೇಲೆ ಕೆಲವು ನಿಮಿಷ ನಡೆಯುವವರಿಗಾಗಿ ಹೊಲಿದ ಬಟ್ಟೆ. ಕೆಲವೇ ವರ್ಷಗಳಲ್ಲಿ ಅದರ ನೆರಳು ಪಾಪ್ ಗಾಯಕಿಯರ ಮೇಲೆ ಬಿತ್ತು. ಬ್ರಿಟ್ನಿ ಸ್ಪಿಯರ್ಸ್, ಕ್ರಿಸ್ಟಿನಾ ಅಗಿಲೆರಾ ಅವರ ಕಾಲ ಅದು. ದಿನಕ್ಕೆ ಗಂಟೆಗಟ್ಟಲೆ ನೃತ್ಯಾಭ್ಯಾಸ ಮಾಡುವವರ ಮೈಯ ಬಟ್ಟೆ, ದಿನಕ್ಕೆ ಆರು ತಾಸು ಬೆಂಚಿನ ಮೇಲೆ ಕೂರುವವರ ಮೈಗೆ ಬಂತು. ಬರುವಾಗ ಅಳತೆ ಬದಲಾಗಲಿಲ್ಲ. ನಾವೇ ಬದಲಾಗಬೇಕು ಎಂದುಕೊಂಡೆವು. ಊಟ ಬಿಟ್ಟವರಿದ್ದರು. ಇದನ್ನು ಹಗುರವಾಗಿ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಹುಡುಗರ ಪ್ಯಾಂಟೂ ಜಾರಿತ್ತು, ಬೇರೆ ಕಾರಣಕ್ಕೆ. ಹಿಪ್‌ಹಾಪ್ ಹಾಡುಗಾರರನ್ನು ನೋಡಿ ಎರಡು ಸೈಜ್ ದೊಡ್ಡದನ್ನು ಹಾಕಿ, ಬೆಲ್ಟ್ ಸಡಿಲಬಿಟ್ಟು, ಒಳಚಡ್ಡಿಯ ಪಟ್ಟಿ ಕಾಣುವಂತೆ ತಿರುಗುವುದು. ಅದರ ಮೇಲೆ ದೊಡ್ಡವರಿಗೆ ಎಷ್ಟು ಕೋಪ ಬಂತೆಂದರೆ, 2005ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಕೆಳಮನೆ ಹಾಗೆ ಪ್ಯಾಂಟು ಹಾಕಿದವರಿಗೆ 50 ಡಾಲರ್ ದಂಡ ವಿಧಿಸುವ ಮಸೂದೆಯನ್ನು 60ಕ್ಕೆ 34 ಮತಗಳಿಂದ ಅಂಗೀಕರಿಸಿತು. ಮೇಲ್ಮನೆಯ ಸಮಿತಿ ಅದನ್ನು ತಳ್ಳಿಹಾಕಿತು. ಚುನಾಯಿತ ಪ್ರತಿನಿಧಿಗಳು ಸದನದಲ್ಲಿ ಕುಳಿತು ಹುಡುಗರ ಸೊಂಟಪಟ್ಟಿ ಎಲ್ಲಿರಬೇಕು ಎಂದು ಮತ ಹಾಕಿದರು ಎನ್ನುವುದೇ ಸಾಕು, ಎಳೆಯರ ಬಟ್ಟೆ ಹಿರಿಯರನ್ನು ಎಷ್ಟು ಕಾಡುತ್ತದೆ ಎಂದು ತಿಳಿಯಲು.

ಆದರೆ ದಶಕದ ಆ ಮೊದಲರ್ಧದಲ್ಲಿ ನನಗೆ ತುಂಬ ಪ್ರಿಯವಾದ ಒಂದು ಸಂಗತಿಯೂ ಇತ್ತು. ಫ್ಯಾಷನ್ ಆಗ ನಿಧಾನವಾಗಿ ಬರುತ್ತಿತ್ತು, ಮತ್ತು ಅರೆಬರೆ ಬರುತ್ತಿತ್ತು.

ಟೀವಿಯ ಹಾಡಿನಲ್ಲಿ ಒಂದು ಜಾಕೆಟ್ ಮಿಂಚಿ ಮಾಯವಾಗುವುದು. ಮತ್ತೆ ನೋಡಬೇಕೆಂದರೆ ಆ ಹಾಡು ಮತ್ತೆ ಬರುವವರೆಗೆ ಕಾಯಬೇಕು. ಪತ್ರಿಕೆಯಿಂದ ಕತ್ತರಿಸಿಕೊಂಡ ಚಿತ್ರದಲ್ಲಿ ಮುಂಭಾಗ ಮಾತ್ರ ಕಾಣುತ್ತದೆ, ಹಿಂದೆ ಹೇಗಿದೆಯೋ ಯಾರಿಗೂ ಗೊತ್ತಿಲ್ಲ. ಹಿಂಭಾಗವನ್ನು ನಾವೇ ಊಹಿಸಿಕೊಳ್ಳಬೇಕು. 2002ರಲ್ಲಿ ಗಾಯಕಿ ಅವ್ರಿಲ್ ಲವೀನ್ ತೋಳಿಲ್ಲದ ಬನಿಯನ್ ಮೇಲೆ ಸಡಿಲವಾಗಿ ಟೈ ಕಟ್ಟಿಕೊಂಡು ಬಂದಾಗ ಎಷ್ಟೋ ಮನೆಗಳಲ್ಲಿ ಅಪ್ಪಂದಿರ ಟೈಗಳು ಕಪಾಟಿನಿಂದ ಹೊರಬಿದ್ದವು. ಯಾರ ಗಂಟೂ ಇನ್ನೊಬ್ಬರ ಗಂಟಿನಂತಿರಲಿಲ್ಲ. ಒಬ್ಬಳು ಶಾಲೆಯ ಟೈಯನ್ನೇ ತಿರುಗಿಸಿ ಕಟ್ಟಿದರೆ ಇನ್ನೊಬ್ಬಳು ಹಳೆಯ ರಿಬ್ಬನ್ನಿಗೆ ಇಸ್ತ್ರಿ ಹಾಕಿ ಟೈ ಮಾಡಿಕೊಂಡಳು. ಅರ್ಧ ಗೊತ್ತಿದ್ದುದನ್ನು ಕೈಯಿಂದ ತುಂಬಿಕೊಳ್ಳುವ ಈ ಕೆಲಸದಲ್ಲಿ ಒಂದೇ ಫ್ಯಾಷನ್ ಹತ್ತು ಜನರ ಮೇಲೆ ಹತ್ತು ಬಗೆಯಾಗುತ್ತಿತ್ತು.

ಇದರ ಅತಿ ಎತ್ತರದ ರೂಪ ಟೋಕಿಯೋದ ಹರಾಜುಕು ಬಡಾವಣೆಯ ಬೀದಿಗಳಲ್ಲಿತ್ತು. ಛಾಯಾಗ್ರಾಹಕ ಶೋಯಿಚಿ ಅಓಕಿ 1997ರಲ್ಲಿ ‘ಫ್ರೂಟ್ಸ್’ ಎಂಬ ಮಾಸಪತ್ರಿಕೆ ಶುರುಮಾಡಿ, ಅಲ್ಲಿ ಓಡಾಡುವ ಎಳೆಯರನ್ನು ನಿಲ್ಲಿಸಿ, ಮುಡಿಯಿಂದ ಅಡಿಯವರೆಗೆ ಫೋಟೊ ತೆಗೆದು ಅಚ್ಚುಹಾಕುತ್ತಿದ್ದರು. ಹಳೆಯ ಕಿಮೋನೊ ತುಂಡಿನ ಮೇಲೆ ಪ್ಲಾಸ್ಟಿಕ್ ಆಟಿಕೆ, ಅಜ್ಜಿ ಕಾಲದ ಲೇಸ್ ಜೊತೆ ಫುಟ್‌ಬಾಲ್ ಸಾಕ್ಸ್. ಆ ಚಿತ್ರಗಳನ್ನು ನಾನು ನೋಡಿದ್ದು ತುಂಬ ತಡವಾಗಿ. ನೋಡಿದಾಗ ಗಂಟಲು ಕಟ್ಟಿತು. ಅಷ್ಟು ದೂರದಲ್ಲಿ, ನಮ್ಮದೇ ವಯಸ್ಸಿನವರು, ನಮಗಿಂತ ಎಷ್ಟೋ ಪಟ್ಟು ಧೈರ್ಯದಿಂದ ಅದೇ ಕೆಲಸ ಮಾಡುತ್ತಿದ್ದರು. ಅಓಕಿ 2017ರಲ್ಲಿ ಆ ಪತ್ರಿಕೆ ನಿಲ್ಲಿಸಿದರು, ಫೋಟೊ ತೆಗೆಯಬೇಕೆನ್ನಿಸುವಂಥ ಎಳೆಯರು ಬೀದಿಯಲ್ಲಿ ಸಿಗುತ್ತಿಲ್ಲ ಎಂಬ ಕಾರಣ ಕೊಟ್ಟು.

ಜೀನ್ಸ್‌ಗೆ ಮರಳುತ್ತೇನೆ. 2005ರ ಹೊತ್ತಿಗೆ ಕಾಲು ಕಿರಿದಾಗತೊಡಗಿತು. ಫ್ರಾನ್ಸಿನ ಡಿಯೋರ್ ಸಂಸ್ಥೆಯ ಗಂಡಸರ ವಿಭಾಗದಲ್ಲಿ 2000ದಿಂದ 2007ರವರೆಗೆ ವಿನ್ಯಾಸಕರಾಗಿದ್ದ ಎಡಿ ಸ್ಲಿಮಾನ್ ರಾಕ್ ಹಾಡುಗಾರರಂಥ ಸಣಕಲು ಹುಡುಗರಿಗೆ ಕಡ್ಡಿಯಂಥ ಪ್ಯಾಂಟು ಹೊಲಿದರು. ಕೇಟ್ ಮಾಸ್‌ರಂಥ ರೂಪದರ್ಶಿಗಳು ಅಂಥದ್ದನ್ನೇ ಹಾಕಿಕೊಂಡು ಬೀದಿಗಿಳಿದರು. ಆ ಚಿತ್ರಗಳು ನಮ್ಮವರೆಗೆ ಬಂದವು, ಪ್ಯಾಂಟು ಬರಲಿಲ್ಲ. ಹಾಗಾಗಿ ಮೊಣಕಾಲಿನಿಂದ ಕೆಳಗೆ ಅಗಲವಾಗುವ ನಮ್ಮ ಬೂಟ್ ಕಟ್‌ಗಳನ್ನು ನಾವೇ ಕಿರಿದು ಮಾಡಿಕೊಂಡೆವು.

ಆ ಕೆಲಸ ಮಾಡಿದವರಿಗೆ ಗೊತ್ತು. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡು, ಯಾರಾದರೂ ಮೊಣಕಾಲಿನಿಂದ ಕೆಳಗೆ ಗುಂಡುಸೂಜಿ ಚುಚ್ಚುತ್ತಾ ಬರಬೇಕು. ಸೀಮೆಸುಣ್ಣದಿಂದ ಗೆರೆ. ಒಳತೊಡೆಯ ಕಡೆಯ ಹೊಲಿಗೆಯನ್ನು ಮುಟ್ಟುವಂತಿಲ್ಲ. ಅಲ್ಲಿ ಬಟ್ಟೆ ಮಡಿಕೆ ಮೇಲೆ ಮಡಿಕೆಯಾಗಿ ಜೋಡಿ ಹೊಲಿಗೆ ಬಿದ್ದಿರುತ್ತದೆ, ಮಾಮೂಲಿ ಸೂಜಿ ಟಣ್ಣೆಂದು ಮುರಿಯುತ್ತದೆ. ಅಮ್ಮ 16ನೇ ನಂಬರಿನ ಸೂಜಿ ಹಾಕಿ, ಹೊರಬದಿಯ ಒಂಟಿ ಹೊಲಿಗೆಯಲ್ಲಿ ಮಾತ್ರ ಹಿಡಿಯುತ್ತಿದ್ದಳು. ದಪ್ಪ ಬಂದ ಕಡೆ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸುವುದು. ಒಂದೇ ಬದಿಯಿಂದ ಹಿಡಿದದ್ದರಿಂದ ಪಕ್ಕದ ಹೊಲಿಗೆ ಕೆಳಕ್ಕೆ ಬರುಬರುತ್ತಾ ಮುಂದಕ್ಕೆ ತಿರುಚಿಕೊಂಡು ಪಾದದ ಹತ್ತಿರ ಬೆರಳುಗಳ ಕಡೆ ನೋಡುತ್ತಿತ್ತು. ಹೀಗೆ ತಿರುಚಿದ ಗೆರೆ ಕಂಡರೆ ಸಾಕು, ಇದು ಮನೆಯಲ್ಲಿ ಟೈಟ್ ಮಾಡಿದ್ದು ಎಂದು ನಮಗೆ ನಮಗೇ ಗೊತ್ತಾಗುತ್ತಿತ್ತು. ಗೆಳತಿಯರ ಕಾಲಲ್ಲಿ ಆ ಗೆರೆ ನೋಡಿದಾಗ ನನಗೆ ಒಂದು ಬಗೆಯ ಸಲಿಗೆ ಹುಟ್ಟುತ್ತಿತ್ತು. ಅವಳ ಮನೆಯಲ್ಲೂ ರಾತ್ರಿ ಮಿಷಿನ್ ಓಡಿದೆ ಎಂದು.

ಅಷ್ಟು ಮಾಡಿದರೂ ಕೂತರೆ ಮೊಣಕಾಲು ಕಟ್ಟುತ್ತಿತ್ತು. ನಿಜವಾದ ಸ್ಕಿನ್ನಿಯ, ಅಂದರೆ ಮೈಗಂಟುವ ಆ ಬಿಗಿ ಜೀನ್ಸಿನ, ಗುಟ್ಟು ಹೊಲಿಗೆಯಲ್ಲಿರಲಿಲ್ಲ, ನೂಲಿನಲ್ಲಿತ್ತು. 1958ರಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ಕಂಡುಹಿಡಿದ, ಲೈಕ್ರಾ ಹೆಸರಿನಲ್ಲಿ ಪ್ರಸಿದ್ಧವಾದ ಎಳೆ ಅದು. ಹತ್ತಿಯ ಜೊತೆ ನೂರಕ್ಕೆ ಎರಡರಷ್ಟು ಸೇರಿಸಿದರೂ ಡೆನಿಮ್ ಹಿಗ್ಗಿ ಕುಗ್ಗುತ್ತದೆ. ದಶಕದ ಕೊನೆಯ ವರ್ಷಗಳಲ್ಲಿ ಅಂಥ ಜೀನ್ಸ್ ರಾಶಿ ರಾಶಿಯಾಗಿ ಬಂತು. ಹಾಕಿಕೊಂಡ ಮೊದಲ ದಿನದ ನೆಮ್ಮದಿಯನ್ನು ಮರೆಯಲಾರೆ. ಎಲ್ಲಿಯೂ ಕಟ್ಟಲಿಲ್ಲ. ಅದರ ಜೊತೆಗೇ ಮನೆಯ ಮಿಷಿನ್ನಿಗೆ ನಮ್ಮ ಪ್ಯಾಂಟಿನ ಕೆಲಸ ನಿಂತುಹೋಯಿತು.

ಬಟ್ಟೆ ಅಷ್ಟು ಸುಲಭವಾಗಿ, ಅಷ್ಟು ಬೇಗ ಬರತೊಡಗಿದ್ದಕ್ಕೆ ದೊಡ್ಡ ಕಾರಣಗಳಿದ್ದವು. 1974ರಿಂದ ಜಗತ್ತಿನ ಜವಳಿ ವ್ಯಾಪಾರವನ್ನು ಮಲ್ಟಿ ಫೈಬರ್ ಒಪ್ಪಂದದ ಕೋಟಾಗಳು ಕಟ್ಟಿಹಾಕಿದ್ದವು. ಯಾವ ಬಡ ದೇಶ ಯಾವ ಶ್ರೀಮಂತ ದೇಶಕ್ಕೆ ಎಷ್ಟು ಬಟ್ಟೆ ಕಳಿಸಬಹುದು ಎಂಬುದಕ್ಕೆ ಮಿತಿ. ಹತ್ತು ವರ್ಷದಲ್ಲಿ ಹಂತಹಂತವಾಗಿ ಸಡಿಲವಾದ ಆ ಕೋಟಾಗಳು 2005ರ ಜನವರಿ 1ಕ್ಕೆ ಕೊನೆಗೊಂಡವು. ಅದಕ್ಕೆ ಎರಡು ತಿಂಗಳ ಹಿಂದೆ, 2004ರ ನವೆಂಬರ್‌ನಲ್ಲಿ, ಶನೆಲ್‌ನಂಥ ದುಬಾರಿ ಉಡುಪು ಸಂಸ್ಥೆಯ ವಿನ್ಯಾಸಕ ಕಾರ್ಲ್ ಲಾಗರ್‌ಫೆಲ್ಡ್ ಅಗ್ಗದ ಬಟ್ಟೆಗೆ ಹೆಸರಾದ ಎಚ್ ಅಂಡ್ ಎಮ್‌ಗೆ ಉಡುಪು ಮಾಡಿಕೊಟ್ಟಿದ್ದರು. ಸ್ಪೇನಿನ ಝಾರಾ ಅಷ್ಟು ಹೊತ್ತಿಗಾಗಲೇ ಕಾಗದದ ಮೇಲಿನ ಚಿತ್ರವನ್ನು ಎರಡು ಮೂರು ವಾರಗಳಲ್ಲಿ ಅಂಗಡಿಯ ಹ್ಯಾಂಗರಿಗೆ ತರುವುದನ್ನು ರೂಢಿಸಿಕೊಂಡಿತ್ತು. ಚಿತ್ರಕ್ಕೂ ಬಟ್ಟೆಗೂ ನಡುವೆ ಇದ್ದ ಬಿಡುವು ಮುಚ್ಚಿಹೋಯಿತು. ಆ ಬಿಡುವಿನಲ್ಲಿ ತಾನೇ ನಾವು ಹೊಲಿಯುತ್ತಿದ್ದುದು, ಕತ್ತರಿಸುತ್ತಿದ್ದುದು, ಹಿಂಭಾಗ ಊಹಿಸುತ್ತಿದ್ದುದು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಆ ದಶಕದ ಜೀನ್ಸ್ ಎಂದರೆ ಮಾಸಿದ ಜೀನ್ಸ್. ಹೊಸದಾಗಿ ಕೊಂಡ ದಿನವೇ ತೊಡೆಯ ಮೇಲೆ ಬಿಳಿಚಿರಬೇಕು, ಮೊಣಕಾಲು ಸವೆದಿರಬೇಕು. ಮನೆಯಲ್ಲಿ ನಾವು ಉಪ್ಪುಕಾಗದದಿಂದ ಉಜ್ಜಿ ನೋಡುತ್ತಿದ್ದೆವು. ಕಾರ್ಖಾನೆಗಳಲ್ಲಿ ಅದಕ್ಕೆ ಮರಳು ಬಳಸುತ್ತಿದ್ದರು. ಗಾಳಿಯ ಒತ್ತಡದಿಂದ ಕೊಳವೆಯಲ್ಲಿ ಮರಳನ್ನು ಚಿಮ್ಮಿಸಿ ಬಣ್ಣ ಹಾರಿಸುವುದು, ಸ್ಯಾಂಡ್‌ಬ್ಲಾಸ್ಟಿಂಗ್. ಮರಳಿನಲ್ಲಿರುವ ಸಿಲಿಕಾ ಹಿಟ್ಟಿನಂತೆ ಪುಡಿಯಾಗಿ ಗಾಳಿಯಲ್ಲಿ ತೇಲುತ್ತದೆ, ಶ್ವಾಸಕೋಶಕ್ಕಿಳಿದು ಅಲ್ಲೇ ಉಳಿಯುತ್ತದೆ, ಅಂಗಾಂಶ ಗಟ್ಟಿಯಾಗುತ್ತಾ ಹೋಗುತ್ತದೆ. ಸಿಲಿಕೋಸಿಸ್‌ಗೆ (ಈ ಕಾಯಿಲೆಯ ಹೆಸರು ಅದು) ವಾಸಿ ಮಾಡುವ ಮದ್ದಿಲ್ಲ. ಗಣಿಗಳಲ್ಲಿ, ಕಲ್ಲು ಒಡೆಯುವಲ್ಲಿ ದಶಕಗಟ್ಟಲೆ ದುಡಿದವರಿಗೆ ಬರುವ ಕಾಯಿಲೆ ಎಂದು ಹೆಸರಾಗಿದ್ದುದು, 2005ರ ಹೊತ್ತಿಗೆ ಟರ್ಕಿಯ ವೈದ್ಯರಿಗೆ ಎಳೆಯ ವಯಸ್ಸಿನ ಜೀನ್ಸ್ ಕೆಲಸಗಾರರಲ್ಲಿ ಕಂಡಿತು. ಕಿಟಕಿಯಿಲ್ಲದ ಸಣ್ಣ ವರ್ಕ್‌ಶಾಪ್‌ಗಳು, ಮುಖಕ್ಕೆ ತೆಳು ಬಟ್ಟೆಯ ಮಾಸ್ಕ್. ಹದಿಹರೆಯದಲ್ಲೇ ಆ ಕೆಲಸಕ್ಕೆ ಸೇರಿದವರು ಅವರಲ್ಲಿದ್ದರು, ಕೆಲವೇ ವರ್ಷಗಳಲ್ಲಿ ಉಸಿರು ಕಟ್ಟಿ ಸತ್ತವರೂ ಇದ್ದರು. ಟರ್ಕಿ 2009ರಲ್ಲಿ ಜೀನ್ಸ್‌ಗೆ ಸ್ಯಾಂಡ್‌ಬ್ಲಾಸ್ಟಿಂಗ್ ನಿಷೇಧಿಸಿತು. 2010ರ ಸೆಪ್ಟೆಂಬರ್‌ನಲ್ಲಿ ಲಿವೈಸ್ ಮತ್ತು ಎಚ್ ಅಂಡ್ ಎಮ್ ಅದನ್ನು ಕೈಬಿಡುವುದಾಗಿ ಪ್ರಕಟಿಸಿದವು. ಆ ವೇಳೆಗೆ ನಮ್ಮ ದಶಕ ಮುಗಿದಿತ್ತು.

ಇದನ್ನು ಓದಿ ತಿಳಿದ ಮೇಲೆ ನನ್ನ ಹದಿಹರೆಯದ ಫೋಟೊಗಳನ್ನು ಮೊದಲಿನಂತೆ ನೋಡಲು ಆಗಿಲ್ಲ. ತೊಡೆಯ ಮೇಲಿನ ಆ ಬಿಳಿ ಮಚ್ಚೆ ನನ್ನ ವಯಸ್ಸಿನವನೇ ಒಬ್ಬ ಕೊಳವೆ ಹಿಡಿದು ಮಾಡಿದ್ದಿರಬಹುದು. ಫ್ಯಾಷನ್ ಇತಿಹಾಸ ಬರೆಯುವವರು ಯಾವ ಗಾಯಕಿ ಏನು ಹಾಕಿದಳು ಎಂಬುದನ್ನು ವರ್ಷಸಮೇತ ದಾಖಲಿಸುತ್ತಾರೆ. ಈ ಹುಡುಗರೂ ಆ ಇತಿಹಾಸದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಇರಬೇಕು ಎಂಬುದು ನನ್ನ ಖಂಡಿತ ಅಭಿಪ್ರಾಯ.

ಬೇರೆ ಗೀಳುಗಳನ್ನು ಬೇಗ ಮುಗಿಸುತ್ತೇನೆ. 2001ರಲ್ಲಿ ಐಪಾಡ್ ಬಂದ ಮೇಲೆ ಇಯರ್‌ಫೋನಿನ ಬಿಳಿ ವಯರ್ ಕೂಡ ಒಂದು ಒಡವೆಯಾಯಿತು. 2004ರಲ್ಲಿ ಸೈಕಲ್ ಓಟಗಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಪ್ರತಿಷ್ಠಾನದ ಹಳದಿ ರಬ್ಬರ್ ಕೈಪಟ್ಟಿ ಬಂತು. ಅದರ ಹಿಂದೆಯೇ ಎಲ್ಲ ಬಣ್ಣದ, ಎಲ್ಲ ಉದ್ದೇಶದ ಪಟ್ಟಿಗಳು ಬಂದು ಮೊಣಕೈವರೆಗೆ ತುಂಬಿದವು. ವೆಲ್ವೆಟ್ಟಿನಂಥ ಟ್ರ್ಯಾಕ್ ಸೂಟ್, ಮುಂದೆ ಉಬ್ಬಿದ ಜಾಲರಿ ಟೋಪಿ, ತೂತು ತೂತಿನ ಕ್ರಾಕ್ಸ್. ಇವುಗಳ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ, ಹಾಕಿದೆವು, ಬಿಟ್ಟೆವು.

ನೋವು ತೋಡಿಕೊಳ್ಳುವ ಒಂದು ಬಗೆಯ ರಾಕ್ ಹಾಡುಗಳ ಜೊತೆ ಬಂದ ಎಮೊ ಶೈಲಿ ಹಾಗಲ್ಲ. ಅದನ್ನು ಈಗ ಎಲ್ಲರೂ ನಗೆಯ ವಿಷಯವಾಗಿ ನೆನೆಯುತ್ತಾರೆ, ನನಗೆ ಅದು ನೋವು. ಒಂದು ಕಣ್ಣು ಮುಚ್ಚುವಂತೆ ಓರೆಯಾಗಿ ಇಳಿಬಿಟ್ಟ ಕೂದಲು, ಕಪ್ಪು ಉಗುರು, ಹುಡುಗರ ಕಣ್ಣಿಗೂ ಕಾಡಿಗೆ, ಬಿಗಿ ಕಪ್ಪು ಜೀನ್ಸ್. ಆ ಕೂದಲು ಸುಮ್ಮನೆ ಬರುತ್ತಿರಲಿಲ್ಲ. ಬೆಳಗ್ಗೆ ಬೇಗ ಎದ್ದು ಸ್ಟ್ರೈಟ್ನರ್ ಕಾಯಿಸಿ, ಎಳೆ ಎಳೆಯಾಗಿ ಎಳೆದು, ಸುಟ್ಟ ವಾಸನೆ ಬರುವ ಮೊದಲೇ ಬಿಟ್ಟು, ಸ್ಪ್ರೇ ಹೊಡೆದು ನಿಲ್ಲಿಸಬೇಕು. ಮಳೆ ಹನಿದರೆ ಅಷ್ಟೂ ಹೋಯಿತು. ಫೋಟೊ ಹಾಕಿ ಗೆಳೆಯರಿಗೆ ತೋರಿಸುವ ಜಾಲತಾಣ ಮೈಸ್ಪೇಸ್ 2003ರಲ್ಲಿ ಶುರುವಾಗಿತ್ತು, 2006ರಲ್ಲಿ ಫೇಸ್‌ಬುಕ್ 13 ತುಂಬಿದ ಎಲ್ಲರಿಗೂ ಬಾಗಿಲು ತೆರೆಯಿತು. ಕ್ಯಾಮೆರಾವನ್ನು ತಲೆಗಿಂತ ಮೇಲೆ ಹಿಡಿದು ತಮ್ಮ ಫೋಟೊ ತಾವೇ ತೆಗೆದುಕೊಂಡ ಮೊದಲ ಎಳೆಯರಲ್ಲಿ ಇವರಿದ್ದರು. ತನ್ನ ದುಃಖವನ್ನು ಹೊರಗೆ ಹಾಕಿಕೊಂಡು ತಿರುಗಬಹುದು ಎಂದು ಹುಡುಗರಿಗೂ ಒಪ್ಪಿಗೆ ಕೊಟ್ಟ ಉಡುಪು ಅದು.

ಅದಕ್ಕೆ ಸಿಕ್ಕ ಉತ್ತರ ಏನು? 2008ರ ಮಾರ್ಚ್‌ನಲ್ಲಿ ಮೆಕ್ಸಿಕೋದ ಕೆರೆತಾರೊ ನಗರದಲ್ಲಿ ನೂರಾರು ಜನ ಗುಂಪುಗೂಡಿ ಎಮೊ ಎಳೆಯರನ್ನು ಹುಡುಕಿ ಹೊಡೆದರು. ಕೆಲವೇ ದಿನಗಳಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಎಮೊ ಹುಡುಗ ಹುಡುಗಿಯರು ಬೀದಿಗಿಳಿದು ಮೆರವಣಿಗೆ ಮಾಡಿದರು. ಅದಕ್ಕೂ ಮೊದಲು, 2007ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಬೇಕಪ್‌ನಲ್ಲಿ ಗಾತ್ ಎಂಬ, ಎಮೊಗೆ ಹತ್ತಿರದ ಕಪ್ಪು ಉಡುಪಿನಲ್ಲಿದ್ದ ಒಂದು ಜೋಡಿಯ ಮೇಲೆ ಉದ್ಯಾನದಲ್ಲಿ ಹುಡುಗರು ಬಿದ್ದರು. 20 ವರ್ಷದ ಯುವತಿ ತೀರಿಕೊಂಡಳು. ಆಕೆಯ ತಾಯಿ ನಡೆಸಿದ ಹೋರಾಟ ವ್ಯರ್ಥವಾಗಲಿಲ್ಲ. 2013ರಿಂದ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಉಡುಪಿನ ಕಾರಣಕ್ಕೆ ಇಂಥವರ ಮೇಲೆ ನಡೆಯುವ ಹಲ್ಲೆಯನ್ನೂ ದ್ವೇಷಾಪರಾಧವೆಂದು ದಾಖಲಿಸತೊಡಗಿದರು. ಹಳೆಯ ಎಮೊ ಫೋಟೊ ತೋರಿಸಿ ಯಾರಾದರೂ ನಗುವಾಗ ನನಗೆ ಈ ಎರಡು ಊರುಗಳು ನೆನಪಾಗುತ್ತವೆ. ಆ ಕೂದಲನ್ನು ಬಿಟ್ಟುಕೊಂಡು ಮನೆಯಿಂದ ಹೊರಗೆ ಕಾಲಿಡಲು ಎದೆಗಾರಿಕೆ ಬೇಕಿತ್ತು.

ಉಡುಪಿನ ಇತಿಹಾಸಕಾರ ಜೇಮ್ಸ್ ಲೇವರ್ 1937ರಲ್ಲಿ ಒಂದು ವೇಳಾಪಟ್ಟಿ ಕೊಟ್ಟಿದ್ದರು. ಫ್ಯಾಷನ್ ಮುಗಿದ ಮರುವರ್ಷ ಅದು ಕಳೆಗುಂದಿದಂತೆ ಕಾಣುತ್ತದೆ, ಹತ್ತು ವರ್ಷಕ್ಕೆ ವಿಕಾರ, ಇಪ್ಪತ್ತಕ್ಕೆ ನಗೆಪಾಟಲು, ನೂರೈವತ್ತು ವರ್ಷವಾದ ಮೇಲೆ ಸುಂದರ. ನಮ್ಮ ದಶಕದ ಮಟ್ಟಿಗೆ ಈ ಲೆಕ್ಕ ತಪ್ಪಿತು. ಇಪ್ಪತ್ತು ತುಂಬುವ ಹೊತ್ತಿಗೆ ಅಗಲ ಕಾಲಿನ ಜೀನ್ಸ್, ಗಿಡ್ಡ ಟಾಪ್, ಚಿಟ್ಟೆ ಕ್ಲಿಪ್ ಎಲ್ಲವೂ ಹೊಸ ಹದಿಹರೆಯದವರ ಮೈಮೇಲೆ ಬಂದು ಕೂತವು. 2021ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ರ‍್ಯಾಂಪ್ ಮೇಲೆ ಮ್ಯೂ ಮ್ಯೂ ಸಂಸ್ಥೆ ಸೊಂಟಕ್ಕಿಂತ ಎಷ್ಟೋ ಕೆಳಗೆ ಕೂರುವ ತುಂಡು ಸ್ಕರ್ಟುಗಳನ್ನು ತಂದಿತು.

ಅಕ್ಕನ ಮಗಳು ನನ್ನ ಹಳೆಯ ಪ್ಯಾಂಟೊಂದನ್ನು ಹಿಡಿದುಕೊಂಡು ಬಂದು, “ಚಿಕ್ಕಮ್ಮ, ಇದನ್ನ ಬಿಚ್ಚಿ ಮತ್ತೆ ಅಗಲ ಮಾಡ್ಬಹುದಾ?” ಎಂದಳು. ಮಾಡಬಹುದಿತ್ತು. ಅಮ್ಮ ಎಂದೂ ಒಳಗಿನ ಬಟ್ಟೆಯನ್ನು ಕತ್ತರಿಸಿ ಎಸೆಯುತ್ತಿರಲಿಲ್ಲ. ದಾರ ಬಿಚ್ಚಿದಂತೆಲ್ಲ ಒಳಗಡೆಯಿಂದ ಕಡುನೀಲಿಯ ಪಟ್ಟಿ ಹೊರಬಂತು. ಬಿಸಿಲು, ಒಗೆತ ಮುಟ್ಟದೆ ಉಳಿದ ಅಸಲು ಬಣ್ಣ. ಆ ಪಟ್ಟಿ ಹಾಗೇ ಇರಲಿ, ಚೆನ್ನಾಗಿದೆ ಎಂದಳು. ಆಮೇಲೆ ತೊಟ್ಟು ನೋಡಿ, ಸೊಂಟದ ಹತ್ತಿರ ಎರಡು ಸಲ ಎಳೆದುಕೊಂಡು, “ಇದರ ಕಟಿಂಗ್ ಸರಿ ಇಲ್ಲ, ಒತ್ತತ್ತೆ” ಎಂದು ಬಿಚ್ಚಿಟ್ಟು, ಸೊಂಟದಲ್ಲಿ ಬೇರೆ ಪಟ್ಟಿ ಸೇರಿಸಿ ಎತ್ತರ ಮಾಡಿಕೊಡು ಎಂದು ಕೇಳಿದಳು. ಕಟಿಂಗ್ ಸರಿ ಇಲ್ಲ ಎಂಬ ಆ ಮಾತು ಅವಳ ವಯಸ್ಸಿನಲ್ಲಿ ನಮ್ಮಲ್ಲಿ ಒಬ್ಬಳ ಬಾಯಿಂದಲೂ ಬಂದದ್ದನ್ನು ನಾನು ಕೇಳಿಲ್ಲ.

ಹಾಗೆಂದು ನನಗೆ ಪೂರ್ತಿ ಧೈರ್ಯವಿಲ್ಲ. ಲೋ ವೇಸ್ಟ್ ಮರಳಿ ಬಂದಿರುವುದು ಹಳೆಯ ಸಣಕಲು ಮೈಯನ್ನೇ ಮಾದರಿಯಾಗಿ ಹಿಡಿದುಕೊಂಡು. ನಮಗಾದರೆ ಹಾಡು ಮತ್ತೆ ಬರುವವರೆಗೆ ಆ ಮೈ ಕಣ್ಣಿಗೆ ಬೀಳುತ್ತಿರಲಿಲ್ಲ. ಇವರಿಗೆ ಅದು ಅಂಗೈಯ ಫೋನಿನಲ್ಲಿ ಹೊತ್ತುಗೊತ್ತಿಲ್ಲದೆ ಎದುರಾಗುತ್ತದೆ. ಅವಳ ಗೆಳತಿಯರಲ್ಲಿ ಎಷ್ಟು ಮಂದಿ ಪ್ಯಾಂಟನ್ನು ದೂರುತ್ತಾರೋ, ಎಷ್ಟು ಮಂದಿ ಕನ್ನಡಿ ಮುಂದೆ ಉಸಿರು ಬಿಗಿಹಿಡಿಯುತ್ತಾರೋ ಎಂದು ಅವಳನ್ನು ಕೇಳಿದೆ. ಇಬ್ಬರು ಮಧ್ಯಾಹ್ನದ ಊಟ ಬಿಟ್ಟಿದ್ದಾರೆ ಎಂದಳು.